ಅಂಗಡಿಯ ತಿಂಡಿ ಮನೆ ಬಾಗಿಲಿಗೆ: ತೆಂಗಿನ ಸೀಮೆಯ ವರ್ತಕರು, ಗ್ರಾಹಕರು ತಿಳಿದಿರಬೇಕಾದದ್ದು

ಗ್ರಾಹಕರು ದೂರವಾಣಿ ಅಥವಾ ಅಂತರ್ಜಾಲದ ಮೂಲಕ ಕೋರಿದ ತಿನಿಸನ್ನು ಅಂಗಡಿಯವರು ಮನೆಗೇ ತಲುಪಿಸುವ ಪದ್ಧತಿಯನ್ನು ಮನೆ ಬಾಗಿಲ ವಿತರಣೆ ಎನ್ನಲಾಗುತ್ತದೆ. ಹಾಲು, ಪತ್ರಿಕೆಗಳ ಮಟ್ಟಿಗೆ ಇದು ಹಳೆಯ ರೂಢಿ. 2020ರ ಲಾಕ್‌ಡೌನ್ ಅವಧಿಯಲ್ಲಿ ದಿನಸಿ, ತರಕಾರಿಗೂ ವ್ಯಾಪಿಸಿತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಮನೆಗಳು ತೋಟಗಳ ನಡುವೆ ಚದುರಿವೆ. ಮಕ್ಕಳು ಬೆಂಗಳೂರು ಸೇರಿ, ವೃದ್ಧರಷ್ಟೇ ಉಳಿದ ತೋಟದ ಮನೆಗಳಿಗೆ ಈ ಸೇವೆ ದೊಡ್ಡ ಆಸರೆ.

ಯಾವ ತಿನಿಸು ಸೂಕ್ತ?

ಚಕ್ಕುಲಿ, ನಿಪ್ಪಟ್ಟು, ಕೋಡುಬಳೆ, ಚಟ್ನಿಪುಡಿಗಳು ದೂರದ ಸಾಗಣೆಯನ್ನು ತಾಳುತ್ತವೆ. ಕಾಯಿ ಹೋಳಿಗೆಯನ್ನು ಮಾಡಿದ ದಿನವೇ ತಲುಪಿಸುವುದು ಕ್ಷೇಮ. ಬಿಸಿ ಆರುವ ಮೊದಲೇ ಪೊಟ್ಟಣ ಕಟ್ಟಿದರೆ ಹಬೆಯು ನೀರಾಗಿ ಬೂಸಲು ಹಿಡಿಯುತ್ತದೆ. ಹಸಿ ಕಾಯಿಯ ಚಟ್ನಿ ಬೇಗ ಹುಳಿಯುವುದರಿಂದ ಊರೊಳಗಿನ ವಿತರಣೆಗಷ್ಟೇ ತಕ್ಕದ್ದು. ತಿಪಟೂರಿನ ಹೆಸರಾಂತ ಉಂಡೆ ಕೊಬ್ಬರಿ ಕೆಡದೆ ದೂರ ಹೋಗಬಲ್ಲದು. ಆದರೆ ತುರಿದ ಕೊಬ್ಬರಿಗೆ ತೇವ, ಬಿಸಿಲು ತಗುಲಿದರೆ ಕಮಟು ವಾಸನೆ ಬರುತ್ತದೆ.

ಕಾನೂನಿನ ಅಗತ್ಯಗಳು

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ ನೋಂದಣಿ ಅಥವಾ ಪರವಾನಗಿ ಕಡ್ಡಾಯ. ಅದರ 14 ಅಂಕಿಗಳ ಸಂಖ್ಯೆಯನ್ನು 2022ರ ಜನವರಿ 1ರಿಂದ ರಸೀದಿಯಲ್ಲಿ ನಮೂದಿಸಬೇಕಾಗಿದೆ. ಪೊಟ್ಟಣದ ಮೇಲೆ ತಯಾರಕರ ವಿಳಾಸ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಿಕೆಯ ದಿನಾಂಕ ಇರಬೇಕು. ಅಂತರ್ಜಾಲದ ಮೂಲಕ ಮಾರುವ ಆಹಾರವು ಗ್ರಾಹಕರ ಕೈ ಸೇರುವಾಗ ಅದರ ಬಾಳಿಕೆ ಅವಧಿಯಲ್ಲಿ ಶೇ. 30ರಷ್ಟು ಅಥವಾ 45 ದಿನ ಉಳಿದಿರಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಸೂಚಿಸಿದೆ.

ವಿಳಾಸ ಮತ್ತು ವೆಚ್ಚ

ತೋಟದ ಮನೆಗೆ ಬಾಗಿಲ ಸಂಖ್ಯೆ ಸಾಲದು. ಊರ ಹೆಸರು, ಸಮೀಪದ ದೇವಸ್ಥಾನ ಅಥವಾ ಶಾಲೆ, ದೂರವಾಣಿ ಸಂಖ್ಯೆಗಳನ್ನು ಬರೆದುಕೊಳ್ಳಬೇಕು. ಒಂದೇ ದಿಕ್ಕಿನ ಬೇಡಿಕೆಗಳನ್ನು ಒಟ್ಟುಗೂಡಿಸಿ ನಿಗದಿತ ದಿನ ಹೊರಟರೆ ಇಂಧನ ಉಳಿಯುತ್ತದೆ. ಸಾಗಣೆ ಶುಲ್ಕವನ್ನು ಮೊದಲೇ ತಿಳಿಸುವುದು ನ್ಯಾಯ. ಅಂತರ್ಜಾಲ ಮಾರಾಟದಲ್ಲಿ 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಅದು ಕಡ್ಡಾಯವೂ ಹೌದು.

ದೂರದ ಊರುಗಳಿಗೆ ಅಂಚೆ ಪಾರ್ಸೆಲ್ ಒಂದು ದಾರಿ. ಮಾವು ಅಭಿವೃದ್ಧಿ ನಿಗಮದ ಸಹಯೋಗದಲ್ಲಿ ಅಂಚೆ ಇಲಾಖೆಯು 2019ರಲ್ಲಿ ಬೆಂಗಳೂರಿನ ಮನೆಗಳಿಗೆ ರೈತರ ಮಾವಿನ ಹಣ್ಣು ತಲುಪಿಸಲು ಆರಂಭಿಸಿದ್ದು ಇದಕ್ಕೆ ನಿದರ್ಶನ. ಬೇಗ ಹಣ್ಣಾಗಿ ಕೆಡುವ ಮಾವನ್ನೇ ಸಾಗಿಸಬಹುದಾದರೆ, ಒಣ ಕೊಬ್ಬರಿ ಮತ್ತು ಕುರುಕಲು ತಿಂಡಿಗಳನ್ನು ಸಾಗಿಸುವುದು ಕಷ್ಟವಲ್ಲ.

ದೂರು ಇದ್ದಲ್ಲಿ

ಪೊಟ್ಟಣ ಬಂದ ಕೂಡಲೇ ತೂಕ, ದಿನಾಂಕ, ಮೊಹರುಗಳನ್ನು ಪರೀಕ್ಷಿಸಿ, ರಸೀದಿಯನ್ನು ಕಾಯ್ದಿರಿಸಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ಮಾರಾಟಗಾರ ಎಲ್ಲಿಯೇ ಇದ್ದರೂ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ದಾಖಲಿಸಬಹುದು.

ಸಣ್ಣ ಊರಿನ ಅಂಗಡಿಗೆ ಹೆಸರೇ ಬಂಡವಾಳ. ಕೆಟ್ಟ ಪದಾರ್ಥವನ್ನು ಮರುಮಾತಿಲ್ಲದೆ ಬದಲಿಸಿಕೊಡುವವರಿಗೆ ಗ್ರಾಹಕರು ಉಳಿಯುತ್ತಾರೆ.