ಮಾಡೆಲ್ ಟಿ: ಕಾರು ಅಗ್ಗವಾದ ಬಗೆ

1908ರ ಅಕ್ಟೋಬರ್ 1ರಂದು ಡೆಟ್ರಾಯ್ಟ್‌ನ ಫೋರ್ಡ್ ಕಂಪನಿ ಹೊರತಂದ ಮಾಡೆಲ್ ಟಿ ಕಾರಿನ ಬೆಲೆ ಸುಮಾರು 850 ಡಾಲರ್. ಆ ಕಾಲಕ್ಕೆ ಇದೇನೂ ತೀರಾ ಅಗ್ಗವಲ್ಲ. ರ‍್ಯಾನ್ಸಮ್ ಓಲ್ಡ್ಸ್ 1901ರಲ್ಲೇ 650 ಡಾಲರಿಗೆ ಪುಟ್ಟ ಕಾರೊಂದನ್ನು ಮಾರಿದ್ದ. ಹೆನ್ರಿ ಫೋರ್ಡ್‌ನ ಕಣ್ಣಿದ್ದದ್ದು ಕೆಸರು ದಾರಿಯ ರೈತರ ಮೇಲೆ. ಅದಕ್ಕೆಂದೇ ವನೇಡಿಯಂ ಬೆರೆಸಿದ ಗಟ್ಟಿ ಉಕ್ಕು, ನೆಲದಿಂದ ಎತ್ತರದ ಚಾಸಿ, 20 ಅಶ್ವಶಕ್ತಿಯ ಸರಳ ಎಂಜಿನ್. ಕೆಟ್ಟರೆ ಮಾಲೀಕನೇ ಸ್ಪ್ಯಾನರ್ ಹಿಡಿದು ಸರಿಮಾಡಿಕೊಳ್ಳಬಹುದಿತ್ತು. ತೊಡಕುಗಳೂ ಇದ್ದವು. ಟ್ಯಾಂಕು ಸೀಟಿನ ಕೆಳಗಿತ್ತು, ಪಂಪು ಇರಲಿಲ್ಲ. ಪೆಟ್ರೋಲು ಕಮ್ಮಿಯಿದ್ದಾಗ ಕಡಿದಾದ ಏರು ಎದುರಾದರೆ ಎಂಜಿನ್ ನಿಂತೇ ಹೋಗುತ್ತಿತ್ತು. ಆಗ ಕಾರನ್ನು ತಿರುಗಿಸಿ ರಿವರ್ಸ್‌ನಲ್ಲೇ ಗುಡ್ಡ ಹತ್ತಿಸುತ್ತಿದ್ದರು.

ಬೆಲೆ ಇಳಿಸಿದ್ದು ಕಾರಿನ ವಿನ್ಯಾಸಕ್ಕಿಂತ ಹೆಚ್ಚಾಗಿ ಕೆಲಸದ ಹೊಸ ಏರ್ಪಾಡು. ಕಂಪನಿ 1910ರಲ್ಲಿ ಹೈಲ್ಯಾಂಡ್ ಪಾರ್ಕ್‌ನ ದೊಡ್ಡ ಕಾರ್ಖಾನೆಗೆ ಬಂದಾಗಲೂ ಕಾರು ನಿಂತಲ್ಲೇ ನಿಲ್ಲುತ್ತಿತ್ತು, ಓಡಾಡುತ್ತಿದ್ದವರು ಕೆಲಸಗಾರರು. 1913ರ ಏಪ್ರಿಲ್‌ನಲ್ಲಿ ಮೊದಲಿಗೆ ಎಂಜಿನ್ನಿನ ಕಿಡಿಗೆ ವಿದ್ಯುತ್ ಕೊಡುವ ಮ್ಯಾಗ್ನೆಟೊ ವಿಭಾಗದಲ್ಲಿ ಇದನ್ನು ತಿರುವುಮುರುವು ಮಾಡಿ ನೋಡಿದರು. ಒಬ್ಬನೇ 20 ನಿಮಿಷ ಕೂತು ಜೋಡಿಸುತ್ತಿದ್ದ ಭಾಗವನ್ನು ಸಾಲಾಗಿ ನಿಂತವರಿಗೆ ಹಂಚಿದರು. ಒಬ್ಬ ಬೋಲ್ಟು ಕೂರಿಸಿ ಮುಂದಕ್ಕೆ ತಳ್ಳಿದರೆ ಪಕ್ಕದವನು ನಟ್ಟು ಬಿಗಿಯುತ್ತಿದ್ದ. ಸಮಯ 13 ನಿಮಿಷಕ್ಕೂ, ಆಮೇಲೆ 5 ನಿಮಿಷಕ್ಕೂ ಇಳಿಯಿತು. ಚಾಸಿಯ ಸರದಿ ಬಂದಾಗ ಹಗ್ಗ ಕಟ್ಟಿ ರಾಟೆಯಿಂದ ಎಳೆದು ಪರೀಕ್ಷಿಸಿದರು. ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದ ಜೋಡಣೆ 1914ರ ಹೊತ್ತಿಗೆ 93 ನಿಮಿಷದಲ್ಲಿ ಮುಗಿಯತೊಡಗಿತು. ಬಿಡಿಭಾಗಗಳೆಲ್ಲ ಒಂದೇ ಅಳತೆಯವಾಗಿದ್ದರಿಂದಲೇ ಇದು ಸಾಧ್ಯವಾಯಿತು; ಅರದಿಂದ ಉಜ್ಜಿ ಕೂರಿಸುವ ಪಾಡಿದ್ದರೆ ಸಾಲು ಮುಂದೆ ಸರಿಯುತ್ತಲೇ ಇರಲಿಲ್ಲ.

ದಿನವಿಡೀ ಒಂದೇ ನಟ್ಟು ಬಿಗಿಯುವುದು ಯಾರಿಗೆ ಬೇಕು? ಕೆಲಸಗಾರರು ತಂಡೋಪತಂಡವಾಗಿ ಬಿಟ್ಟುಹೋದರು. ಸುಮಾರು 14,000 ಜನರನ್ನು ಉಳಿಸಿಕೊಳ್ಳಲು 1913ರಲ್ಲಿ 50,000ಕ್ಕೂ ಹೆಚ್ಚು ಮಂದಿಯನ್ನು ನೇಮಿಸಬೇಕಾಯಿತು. 1914ರ ಜನವರಿಯಲ್ಲಿ ಫೋರ್ಡ್ 8 ಗಂಟೆಯ ಪಾಳಿಗೆ ದಿನಕ್ಕೆ 5 ಡಾಲರ್ ಘೋಷಿಸಿದ್ದರ ಹಿಂದೆ ಔದಾರ್ಯಕ್ಕಿಂತ ಈ ಲೆಕ್ಕಾಚಾರವೇ ಹೆಚ್ಚು. ಅದರಲ್ಲೂ ಅರ್ಧದಷ್ಟು ಲಾಭಾಂಶದ ರೂಪದ್ದು. ಅದು ಕೈಗೆ ಸಿಗಬೇಕಾದರೆ ಕಂಪನಿಯ ತನಿಖೆದಾರರು ಮನೆಗೇ ಬಂದು, ಕುಡಿತವಿದೆಯೇ, ಮನೆ ಚೊಕ್ಕಟವಾಗಿದೆಯೇ ಎಂದು ನೋಡಿ ಒಪ್ಪಬೇಕಿತ್ತು.

1925ಕ್ಕೆ ಎರಡು ಸೀಟಿನ ಮಾಡೆಲ್ ಟಿ 260 ಡಾಲರಿಗೆ ಸಿಗುತ್ತಿತ್ತು. ಆದರೆ ಬೆಲೆ ತಗ್ಗಿಸಿದ ಏಕರೂಪತೆಯೇ ಮಾರಾಟಕ್ಕೆ ಮುಳುವಾಯಿತು. 1914ರಿಂದ 1925ರವರೆಗೆ ಕಪ್ಪು ಬಿಟ್ಟರೆ ಬೇರೆ ಬಣ್ಣವಿರಲಿಲ್ಲ. ಜನರಲ್ ಮೋಟರ್ಸ್ ಬಗೆಬಗೆಯ ಕಾರುಗಳನ್ನು ಕಂತಿನ ಮೇಲೆ ಮಾರಿ ಗಿರಾಕಿಗಳನ್ನು ಸೆಳೆದುಕೊಂಡಿತು. 1.5 ಕೋಟಿ ಕಾರುಗಳ ನಂತರ, 1927ರ ಮೇ ತಿಂಗಳಲ್ಲಿ ಮಾಡೆಲ್ ಟಿ ತಯಾರಿಕೆ ನಿಂತಿತು. ಅದೊಂದಕ್ಕೆಂದೇ ಮಾಡಿಸಿದ್ದ ಯಂತ್ರಗಳನ್ನು ಬದಲಿಸಲು ತಿಂಗಳುಗಟ್ಟಲೆ ಕೆಲಸ ನಿಲ್ಲಿಸಬೇಕಾಯಿತು, ಸಾವಿರಾರು ಮಂದಿ ಮನೆಯಲ್ಲಿ ಕೂತರು. ಹೊಸ ಮಾಡೆಲ್ ಎ ಮಾರಾಟಕ್ಕೆ ಬಂದದ್ದು ಆ ಡಿಸೆಂಬರಿನಲ್ಲಿ.