ಸರ್ಕಾರಿ ಅಭಿಯೋಜಕರ ಕಚೇರಿ

ಅಪರಾಧ ಪ್ರಕರಣಗಳಲ್ಲಿ ರಾಜ್ಯದ ಪರವಾಗಿ ನ್ಯಾಯಾಲಯದ ಮುಂದೆ ಸಾಕ್ಷ್ಯ ಮಂಡಿಸಿ ಆರೋಪವನ್ನು ರುಜುವಾತುಪಡಿಸುವ ಹೊಣೆ ಹೊತ್ತ ಕಾನೂನು ಅಧಿಕಾರಿಯ ಕಚೇರಿ. ಕರ್ನಾಟಕದಲ್ಲಿ ಇದು ಅಭಿಯೋಜನೆ ಮತ್ತು ಸರ್ಕಾರಿ ವ್ಯಾಜ್ಯಗಳ ಇಲಾಖೆಗೆ ಸೇರಿದ್ದು, ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳಲ್ಲಿ ಸಹಾಯಕ ಸರ್ಕಾರಿ ಅಭಿಯೋಜಕರೂ ಸೆಷನ್ಸ್ ನ್ಯಾಯಾಲಯಗಳಲ್ಲಿ ಸರ್ಕಾರಿ ಅಭಿಯೋಜಕರೂ ಕೆಲಸ ಮಾಡುತ್ತಾರೆ. ನ್ಯಾಯಾಲಯದ ಆವರಣದಲ್ಲಿ ಇವರನ್ನು ಎ.ಪಿ.ಪಿ., ಪಿ.ಪಿ. ಎಂದೇ ಕರೆಯುವುದು ರೂಢಿ. ಜನಸಾಮಾನ್ಯರು ‘ಸರ್ಕಾರಿ ವಕೀಲರು’ ಎನ್ನುವುದೂ ಉಂಟು. ಆದರೆ ಸಿವಿಲ್ ದಾವೆಗಳಲ್ಲಿ ಸರ್ಕಾರವನ್ನು ಪ್ರತಿನಿಧಿಸುವ ಜಿಲ್ಲಾ ಸರ್ಕಾರಿ ವಕೀಲರ ಹುದ್ದೆ ಬೇರೆಯೇ ಆಗಿದೆ.

1898ರ ದಂಡ ಪ್ರಕ್ರಿಯಾ ಸಂಹಿತೆಯ ಕಾಲದಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ಬಹುಮಟ್ಟಿಗೆ ಪೊಲೀಸ್ ಅಧಿಕಾರಿಗಳೇ ಪ್ರಕರಣ ನಡೆಸುತ್ತಿದ್ದುದರಿಂದ, ತನಿಖೆ ಮಾಡಿದ ಇಲಾಖೆಯೇ ತನ್ನ ತನಿಖೆಯನ್ನು ಸಮರ್ಥಿಸುವ ಸ್ಥಿತಿ ಇತ್ತು. ತನಿಖೆ ಮತ್ತು ಅಭಿಯೋಜನೆಗಳನ್ನು ಬೇರ್ಪಡಿಸಬೇಕೆಂದು ಕಾನೂನು ಆಯೋಗವು 1958ರ ತನ್ನ 14ನೆಯ ವರದಿಯಲ್ಲಿ ಶಿಫಾರಸು ಮಾಡಿತು. 1973ರ ಸಂಹಿತೆಯ 25ನೆಯ ಪ್ರಕರಣವು ಸಹಾಯಕ ಅಭಿಯೋಜಕರ ಹುದ್ದೆಯನ್ನು ಕಡ್ಡಾಯಗೊಳಿಸಿ, ಪೊಲೀಸ್ ಅಧಿಕಾರಿಗಳು ಆ ಹುದ್ದೆಗೆ ಸಾಮಾನ್ಯವಾಗಿ ಅರ್ಹರಲ್ಲವೆಂದಿತು. ಅಷ್ಟಾದರೂ ಮಹಾರಾಷ್ಟ್ರದಲ್ಲಿ ಅಭಿಯೋಜಕರು ಪೊಲೀಸ್ ಇಲಾಖೆಯ ಅಧೀನದಲ್ಲೇ ಮುಂದುವರಿದಿದ್ದರಿಂದ, ಅವರನ್ನು ಪ್ರತ್ಯೇಕ ವೃಂದವಾಗಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ನಿರ್ದೇಶಿಸಬೇಕಾಯಿತು. 2005ರ ತಿದ್ದುಪಡಿ ಅಭಿಯೋಜನಾ ನಿರ್ದೇಶನಾಲಯಕ್ಕೆ ಶಾಸನದ ಆಧಾರ ಒದಗಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಜಿಲ್ಲಾ ಮಟ್ಟದ ನಿರ್ದೇಶನಾಲಯಗಳನ್ನೂ ಕಲ್ಪಿಸಿ, 10 ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಪ್ರಕರಣಗಳ ಮೇಲ್ವಿಚಾರಣೆಯನ್ನು ನಿರ್ದೇಶಕರಿಗೂ, 7ರಿಂದ 10 ವರ್ಷದೊಳಗಿನವನ್ನು ಉಪನಿರ್ದೇಶಕರಿಗೂ, ಅದಕ್ಕೂ ಕಡಿಮೆಯವನ್ನು ಸಹಾಯಕ ನಿರ್ದೇಶಕರಿಗೂ ವಹಿಸಿದೆ. ಪೊಲೀಸರಿರುವ ಗೃಹ ಇಲಾಖೆಯ ಕೆಳಗೇ ನಿರ್ದೇಶನಾಲಯವನ್ನೂ ಶಾಸನ ಇರಿಸಿರುವುದರಿಂದ ಈ ಬೇರ್ಪಡಿಕೆ ಪೂರ್ಣವಾಯಿತೆಂದು ಹೇಳಲಾಗದು.

ಪೊಲೀಸರು ಸಲ್ಲಿಸುವ ದೋಷಾರೋಪಣ ಪಟ್ಟಿಯ ಪರಿಶೀಲನೆ, ಜಾಮೀನು ಅರ್ಜಿಗಳಿಗೆ ತಕರಾರು, ಸಾಕ್ಷಿಗಳಿಗೆ ಸಮನ್ಸ್ ಜಾರಿಯಾಗುವಂತೆ ನೋಡಿಕೊಳ್ಳುವುದು ಇವೆಲ್ಲ ಕಚೇರಿಯ ನಿತ್ಯದ ಕೆಲಸಗಳು. ಮಹಜರಿಗೆ ಪಂಚರ ಸಹಿ ಇದೆಯೇ, ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಬಂದಿದೆಯೇ, ಮುದ್ದೆಮಾಲು, ಅಂದರೆ ಜಪ್ತಾದ ವಸ್ತುಗಳು, ಪಟ್ಟಿಯಲ್ಲಿ ಹೇಳಿದಂತೆಯೇ ಇವೆಯೇ ಎಂಬುದನ್ನು ಮೊದಲೇ ನೋಡದಿದ್ದರೆ ಆ ಲೋಪ ವಿಚಾರಣೆಯ ವೇಳೆ ಆರೋಪಿಯ ವಕೀಲರ ಪಾಟಿಸವಾಲಿನಲ್ಲಿ ಬಯಲಾಗುತ್ತದೆ. ಆದರೂ ತನಿಖೆಯ ಫಲಿತಾಂಶ ಹೀಗೇ ಇರಬೇಕೆಂದು ಅಭಿಯೋಜಕರು ವಿಧಿಸುವಂತಿಲ್ಲ. ಆರೋಪಪಟ್ಟಿ ಸಲ್ಲಿಸಬೇಕೋ ಬೇಡವೋ ಎಂಬ ತೀರ್ಮಾನ ತನಿಖಾಧಿಕಾರಿಯದೇ ಎಂದು ಸರ್ವೋಚ್ಚ ನ್ಯಾಯಾಲಯ 2000ದಲ್ಲಿ ಸ್ಪಷ್ಟಪಡಿಸಿದೆ. ಕೊಲೆಯಂಥ ಪ್ರಕರಣಗಳನ್ನು ಮ್ಯಾಜಿಸ್ಟ್ರೇಟರು ಸೆಷನ್ಸ್ ನ್ಯಾಯಾಲಯಕ್ಕೆ ಒಪ್ಪಿಸಿದಾಗ ಕಡತವು ಒಬ್ಬ ಅಭಿಯೋಜಕರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ.

ಈ ಕೆಲಸದ ಅತಿ ಕಠಿಣವಾದ ಭಾಗ ಸಾಕ್ಷಿ ವಿಚಾರಣೆ. ಸಾಕ್ಷಿಗೆ ಹಿಂದಿನ ಹೇಳಿಕೆಯನ್ನು ನೆನಪಿಸುವುದಕ್ಕೂ ಹೀಗೆ ಹೇಳೆಂದು ಕಲಿಸಿಕೊಡುವುದಕ್ಕೂ ನಡುವಿನ ಗೆರೆಯನ್ನು ಅಭಿಯೋಜಕರು ದಾಟಬಾರದು. ಸಾಕ್ಷಿಯು ಪೊಲೀಸರ ಮುಂದೆ ಕೊಟ್ಟ ಹೇಳಿಕೆಗೆ ವಿರುದ್ಧವಾಗಿ ನುಡಿದಾಗ ಅವನನ್ನು ಪ್ರತಿಕೂಲ ಸಾಕ್ಷಿಯೆಂದು ಪರಿಗಣಿಸಲು ಕೋರಿ, ನ್ಯಾಯಾಲಯದ ಅನುಮತಿಯಿಂದ ತಾವೇ ಅವನನ್ನು ಪಾಟಿಸವಾಲಿಗೆ ಒಳಪಡಿಸುತ್ತಾರೆ. ಹಾಗಾದ ಮಾತ್ರಕ್ಕೆ ಅವನ ಸಾಕ್ಷ್ಯವೆಲ್ಲ ಅಳಿಸಿಹೋಗದೆ, ನಂಬಲರ್ಹವಾದ ಭಾಗ ಉಳಿಯುತ್ತದೆ.

ಅಭಿಯೋಜಕರು ಸುಮ್ಮನಿದ್ದರೆ ಏನಾಗಬಹುದೆಂಬುದಕ್ಕೆ ಬೆಂಗಳೂರಿಗೆ ಸಂಬಂಧಿಸಿದ ಪ್ರಕರಣವೊಂದು ಸಾಕ್ಷಿಯಾಗಿದೆ. ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜಯಲಲಿತಾ ಅವರ ಮೇಲಿನ ಅಕ್ರಮ ಆಸ್ತಿ ಪ್ರಕರಣದಲ್ಲಿ, ಅವರು ಮತ್ತೆ ಅಧಿಕಾರಕ್ಕೆ ಬಂದ ಮೇಲೆ 76 ಸಾಕ್ಷಿಗಳನ್ನು ಮರಳಿ ಕರೆಸಲಾಗಿ, ಅವರಲ್ಲಿ 64 ಮಂದಿ ಮುಖ್ಯ ವಿಚಾರಣೆಯ ಮಾತಿನಿಂದ ಹಿಂದೆ ಸರಿದರು. ಆ ಸರ್ಕಾರದ ಅಡಿಯಲ್ಲಿದ್ದ ಅಭಿಯೋಜಕರು ಇದನ್ನು ವಿರೋಧಿಸಲೂ ಇಲ್ಲ, ಅವರನ್ನು ಪ್ರತಿಕೂಲ ಸಾಕ್ಷಿಗಳೆನ್ನಲೂ ಇಲ್ಲ. 2003ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರಕರಣವನ್ನು ಕರ್ನಾಟಕಕ್ಕೆ ವರ್ಗಾಯಿಸಿ, ಇಲ್ಲಿನ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳೊಡನೆ ಸಮಾಲೋಚಿಸಿ ವಿಶೇಷ ಸರ್ಕಾರಿ ಅಭಿಯೋಜಕರನ್ನು ನೇಮಿಸುವಂತೆ ಆದೇಶಿಸಿತು. ಮೇಲ್ಮನವಿಯ ಹಂತದಲ್ಲಿ ತಮಿಳುನಾಡು ನೇಮಿಸಿದ ಅಭಿಯೋಜಕರು ಹಾಜರಾದದ್ದನ್ನು 2015ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅಸಿಂಧುಗೊಳಿಸಿ, ಆ ಅಧಿಕಾರ ಕರ್ನಾಟಕಕ್ಕೆ ಮಾತ್ರ ಇದೆಯೆಂದು ಹೇಳಿತು.

ಇಷ್ಟಾದರೂ ಶಿಕ್ಷೆ ಕೊಡಿಸುವುದೇ ಅಭಿಯೋಜಕರ ಗುರಿಯಲ್ಲ. 1999ರ ಶಿವಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪಿನಂತೆ, ಆರೋಪಿಗೆ ಅನುಕೂಲವಾದ ಸಂಗತಿ ಅವರ ಗಮನಕ್ಕೆ ಬಂದರೆ ಅದನ್ನು ಮುಚ್ಚಿಡದೆ ನ್ಯಾಯಾಲಯದ ಮುಂದಿಡುವುದು ಅವರ ಕರ್ತವ್ಯ. ಸಂತ್ರಸ್ತರು ತಮ್ಮ ವಕೀಲರನ್ನು ಇಟ್ಟುಕೊಳ್ಳಬಹುದಾದರೂ ಸೆಷನ್ಸ್ ವಿಚಾರಣೆಯ ಚುಕ್ಕಾಣಿ ಅಭಿಯೋಜಕರದೇ ಆಗಿದ್ದು, ಆ ವಕೀಲರು ಅವರ ನಿರ್ದೇಶನದಂತೆ ನೆರವಾಗಬೇಕು. ಸಂತ್ರಸ್ತರಿಗೆ ಇದು ನೋವಿನ ನಿಯಮವೆನಿಸಬಹುದು. ಆದರೆ ಸೇಡಿಗೂ ಅಭಿಯೋಜನೆಗೂ ಇರುವ ವ್ಯತ್ಯಾಸ ಉಳಿಯುವುದು ಇದರಿಂದಲೇ.

ಪ್ರಕರಣವನ್ನು ಹಿಂತೆಗೆದುಕೊಳ್ಳುವ ಅಧಿಕಾರದಲ್ಲಿ ಅಭಿಯೋಜಕರ ಸ್ವಾತಂತ್ರ್ಯದ ನಿಜವಾದ ಪರೀಕ್ಷೆ ನಡೆಯುತ್ತದೆ. ಸರ್ಕಾರ ಏನೇ ಬಯಸಿದರೂ ಅಭಿಯೋಜಕರು ಸ್ವಂತ ವಿವೇಚನೆಯಿಂದ ಅರ್ಜಿ ಸಲ್ಲಿಸಬೇಕು, ನ್ಯಾಯಾಲಯ ಒಪ್ಪಬೇಕು. ಹೊಸ ಸಂಹಿತೆಯ 360ನೆಯ ಪ್ರಕರಣದ ಪ್ರಕಾರ ಸಂತ್ರಸ್ತರ ಅಹವಾಲನ್ನೂ ಕೇಳಬೇಕು. ಸಂಸದರು ಮತ್ತು ಶಾಸಕರ ಮೇಲಿನ ಪ್ರಕರಣಗಳಿಗೆ ಉಚ್ಚ ನ್ಯಾಯಾಲಯದ ಅನುಮತಿಯೂ ಬೇಕೆಂದು ಸರ್ವೋಚ್ಚ ನ್ಯಾಯಾಲಯ 2021ರ ಆಗಸ್ಟಿನಲ್ಲಿ ಆದೇಶಿಸಿದೆ.

ಆರೋಪಿ ಖುಲಾಸೆಯಾದರೆ, ವಿಚಾರಣೆ ನಡೆಸಿದ ಅಭಿಯೋಜಕರು ತೀರ್ಪಿನ ಪ್ರತಿಯೊಂದಿಗೆ ಮೇಲ್ಮನವಿಗೆ ಅರ್ಹವೇ ಎಂಬ ಅಭಿಪ್ರಾಯ ಬರೆದು ಮೇಲಧಿಕಾರಿಗಳಿಗೆ ಕಳಿಸುತ್ತಾರೆ. ಖುಲಾಸೆಯ ವಿರುದ್ಧ ರಾಜ್ಯ ಮೇಲ್ಮನವಿ ಸಲ್ಲಿಸಲು ಇರುವ ಅವಧಿ 90 ದಿನ.