ಒಂದೇ ವರ್ಷ, ಮೂರು ನಿರುದ್ಯೋಗ ದರ!

ಆರ್ಥಿಕ ಇತಿಹಾಸ ಸರಣಿ, ಭಾಗ 4

2011-12ರಲ್ಲಿ ಭಾರತದ ನಿರುದ್ಯೋಗ ದರ 2.2%. ಅದೇ ವರ್ಷ 3.7%. ಅದೇ ವರ್ಷ 5.6%. ಮೂರೂ ಸರ್ಕಾರದ ಅಂಕಿಗಳೇ, ಒಂದೇ ಸಮೀಕ್ಷೆಯದ್ದು. ಮೂರೂ ಸರಿ. ಹೇಗೆ ಅಂತೀರಾ? ಸ್ವಲ್ಪ ಹಿಂದಕ್ಕೆ ಹೋಗೋಣ ಬನ್ನಿ.

📌 ಒಂದೇ ಸಂಖ್ಯೆಯ ಕಾಲ
ಮೊದಲ ಪಂಚವಾರ್ಷಿಕ ಯೋಜನೆಗಳ ಕಾಲದಲ್ಲಿ, ದೇಶದಲ್ಲಿ ಇಷ್ಟು ಲಕ್ಷ ಜನಕ್ಕೆ ಕೆಲಸ ಇಲ್ಲ ಅಂತ ಒಟ್ಟಾರೆ ಒಂದು ಲೆಕ್ಕ ಕೊಡ್ತಿದ್ರು. ತಿಂಗಳ ಸಂಬಳದವರಿಗೆ ಈ ಲೆಕ್ಕ ಸುಲಭ. ಕೆಲಸ ಇದ್ರೆ ಇದೆ, ಹೋದ್ರೆ ಹೋಯ್ತು. ಆದ್ರೆ ಹಳ್ಳಿಯ ಕೂಲಿಯವರನ್ನ ನೋಡಿ. ಬಿತ್ತನೆ, ಕಳೆ, ಕೊಯ್ಲಿನ ಕಾಲದಲ್ಲಿ ಬಿಡುವೇ ಇಲ್ಲ. ಬೇಸಿಗೆ ಬಂದ್ರೆ ಕೈ ಖಾಲಿ. ಇವರನ್ನ ಉದ್ಯೋಗಿ ಅನ್ನೋದಾ, ನಿರುದ್ಯೋಗಿ ಅನ್ನೋದಾ?

📌 1970ರ ವರದಿ
ಈ ಗೊಂದಲ ಬಿಡಿಸೋಕೆ ಕೃಷಿ ಅರ್ಥಶಾಸ್ತ್ರಜ್ಞ ಎಂ. ಎಲ್. ದಾಂತ್ವಾಲಾ ಅವರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿ ಕೂತಿತು. 1970ರಲ್ಲಿ ಬಂದ ವರದಿಯ ಸಾರ ಇಷ್ಟೇ: ನಮ್ಮಂಥ ದೇಶದಲ್ಲಿ ಎಲ್ಲರನ್ನೂ ಒಂದೇ ಸಂಖ್ಯೆಯೊಳಗೆ ತುರುಕೋದ್ರಲ್ಲಿ ಅರ್ಥವಿಲ್ಲ. ಆಮೇಲೆ 1972-73ರಲ್ಲಿ, ರಾಷ್ಟ್ರೀಯ ಮಾದರಿ ಸಮೀಕ್ಷೆಯ 27ನೇ ಸುತ್ತಿನಿಂದ ಹೊಸ ಪದ್ಧತಿ ಶುರುವಾಯ್ತು.

📌 ಮೂರು ಅಳತೆ
👉 ವರ್ಷದ ಲೆಕ್ಕ: ಕಳೆದ 365 ದಿನದಲ್ಲಿ ಹೆಚ್ಚು ಕಾಲ ಏನ್ಮಾಡ್ತಿದ್ರಿ? ಉಪಕಸುಬಾಗಿ 30 ದಿನ ದುಡಿದಿದ್ರೂ ಉದ್ಯೋಗಿ ಅಂತ ಸೇರಿಸ್ತಾರೆ.
👉 ವಾರದ ಲೆಕ್ಕ: ಕಳೆದ 7 ದಿನದಲ್ಲಿ ಯಾವುದಾದ್ರೂ ಒಂದು ದಿನ ಒಂದೇ ಒಂದು ಗಂಟೆ ದುಡಿದಿದ್ರೂ ಉದ್ಯೋಗಿ.
👉 ದಿನದ ಲೆಕ್ಕ: ಇಲ್ಲಿ ಎಣಿಸೋದು ತಲೆಗಳನ್ನಲ್ಲ, ದಿನಗಳನ್ನ. ಅರ್ಧ ದಿನದ ಕೆಲಸವೂ ಲೆಕ್ಕಕ್ಕೆ ಬರುತ್ತೆ.

ವಾರದಲ್ಲಿ 2 ದಿನ ಕೂಲಿ ಸಿಕ್ಕಿ, ಉಳಿದ 5 ದಿನ ಕೆಲಸ ಕೇಳಿಯೂ ಸಿಗದೆ ಇದ್ದವರನ್ನ ತಗೊಳ್ಳಿ. ವಾರದ ಲೆಕ್ಕದಲ್ಲಿ ಇವರು ಉದ್ಯೋಗಿ. ದಿನದ ಲೆಕ್ಕದಲ್ಲಿ ಮಾತ್ರ ಆ 5 ಖಾಲಿ ದಿನ ಕಣ್ಣಿಗೆ ಬೀಳುತ್ತೆ. ಅದಕ್ಕೇ 2.2 ಇದ್ದದ್ದು 5.6 ಆಗೋದು.

📌 ನಮಗೇನು ಸಂಬಂಧ?
ತುಂಬಾನೇ ಇದೆ. ದರ ಅಂದ್ರೆ ಕಾರ್ಮಿಕ ಪಡೆಯ 100 ಜನರಲ್ಲಿ ಎಷ್ಟು ಜನಕ್ಕೆ ಕೆಲಸ ಇಲ್ಲ ಅನ್ನೋದು. ಕಾರ್ಮಿಕ ಪಡೆ ಅಂದ್ರೆ ದುಡಿಯೋರು, ಕೆಲಸ ಹುಡುಕೋರು, ಸಿಕ್ಕರೆ ಮಾಡೋಕೆ ತಯಾರಿರೋರು. ಡಿಗ್ರಿ ಮುಗಿಸಿ, ಬೇರೆ ಕೆಲಸ ಸಿಗದೆ, ಅಪ್ಪನ ಅಂಗಡಿಯಲ್ಲಿ ಸಂಬಳ ಇಲ್ಲದೆ ದುಡಿದ್ರೆ ಲೆಕ್ಕದಲ್ಲಿ ನೀವು ಉದ್ಯೋಗಿ. ಸಾಕಪ್ಪಾ ಅಂತ ಕೈಚೆಲ್ಲಿ ಮನೇಲಿ ಕೂತ್ರೆ ನಿರುದ್ಯೋಗಿಯೂ ಅಲ್ಲ, ಲೆಕ್ಕದಿಂದಲೇ ಹೊರಗೆ!

2017ರಿಂದ ಆವರ್ತಕ ಕಾರ್ಮಿಕ ಪಡೆ ಸಮೀಕ್ಷೆ ನಡೀತಿದೆ. 2023-24ರಲ್ಲಿ ಅದರ ವರ್ಷದ ಲೆಕ್ಕದ ದರ 3.2%. ಕಮ್ಮಿನೇ ಅನ್ಸುತ್ತಲ್ವಾ? ಅದೇ ವರದಿಯಲ್ಲಿ 15ರಿಂದ 29 ವಯಸ್ಸಿನವರ ದರ 10.2%. ಅಂದ್ರೆ ನಮ್ಮದು, ನಿಮ್ಮದು.

ಹಾಗಾಗಿ ಇನ್ಮೇಲೆ ಟಿವಿಯಲ್ಲಿ ಯಾರಾದ್ರೂ ನಿರುದ್ಯೋಗ ಇಳಿದಿದೆ ಅಥವಾ ಏರಿದೆ ಅಂದ್ರೆ ಮೂರು ಪ್ರಶ್ನೆ ಕೇಳಿ. ವರ್ಷದ ಲೆಕ್ಕವಾ, ವಾರದ್ದಾ, ದಿನದ್ದಾ? ಯಾವ ವಯಸ್ಸಿನವರದ್ದು? ಲೆಕ್ಕದಿಂದ ಹೊರಗೆ ಉಳಿದವರು ಯಾರು?

ನಿಮ್ಮ ಮನೇಲಿ ದುಡಿಯೋರೆಲ್ಲ ಈ ಮೂರು ಲೆಕ್ಕದಲ್ಲಿ ಎಲ್ಲೆಲ್ಲಿ ಬರ್ತಾರೆ? ಕಾಮೆಂಟಲ್ಲಿ ಬರೀರಿ 👇

#ಆರ್ಥಿಕಇತಿಹಾಸ #ನಿರುದ್ಯೋಗ #ಬಿಕಾಂಕನ್ನಡ